ಒಂದೇ ಹೆಸರು, ಎರಡು ಫೋಲ್ಡರು

“ಶಾಸನದ ಫೋಟೋಗಳಿಗೆ ಕನ್ನಡದಲ್ಲಿ ಹೆಸರಿಡಬೇಡಿ, ಕಂಪ್ಯೂಟರಿಗೆ ಆಗಿಬರಲ್ಲ” ಎಂಬ ಬುದ್ಧಿಮಾತು ನಮ್ಮ ಹವ್ಯಾಸಿಗಳಲ್ಲಿ ಬಹಳ ದಿನದಿಂದ ಓಡಾಡುತ್ತಿದೆ. ಪೆಟ್ಟು ತಿಂದವನಾಗಿ ಹೇಳುತ್ತೇನೆ: ಸಲಹೆ ಅರ್ಧ ಸರಿ, ಕೊಡುವ ಕಾರಣ ಪೂರ್ತಿ ತಪ್ಪು.

ಹಳೆಯ ಮ್ಯಾಕಿನಲ್ಲಿದ್ದ ನನ್ನ ಸಂಗ್ರಹವನ್ನು ಲಿನಕ್ಸ್ ಡಿಸ್ಕಿನ ಪ್ರತಿಯ ಜೊತೆ ಸೇರಿಸಿದೆ. ಹಲ್ಮಿಡಿ, ತಾಳಗುಂದ, ಬಾದಾಮಿ ಸರಿಯಾಗಿ ಕೂಡಿಕೊಂಡವು. ಬೇಲೂರು, ಐಹೊಳೆ, ಶ್ರವಣಬೆಳಗೊಳ ಮಾತ್ರ ಎರಡೆರಡು ಫೋಲ್ಡರುಗಳಾದವು. ನೋಡಲು ಒಂದೇ ಹೆಸರು! ಒಂದರಲ್ಲಿ ನಾನು ತಿದ್ದಿದ ಪಾಠ, ಇನ್ನೊಂದರಲ್ಲಿ ಹಳೆಯದು. ಗಮನಿಸದೆ ಶ್ರವಣಬೆಳಗೊಳದ ಒಂದು ನಿಸಿದಿ ಶಾಸನದ ಹಳೆಯ ಪಾಠವನ್ನೇ ಗೆಳೆಯರೊಬ್ಬರಿಗೆ ಕಳಿಸಿಬಿಟ್ಟೆ. ೞಕಾರವನ್ನು ಳಕಾರ ಅಂತ ಓದಿದ್ದ ನನ್ನ ತಪ್ಪು ಅವರ ಲೇಖನದಲ್ಲಿ ಅಚ್ಚಾಯಿತು.

ಆದದ್ದಿಷ್ಟು. ಯೂನಿಕೋಡಿನಲ್ಲಿ ‘ಬೇ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಎರಡೂ ಸಮಾನ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟ ಬೈಟುಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಯುಟಿಎಫ್-8ರಲ್ಲಿ ಕೂಡಿಸಿದ ‘ಬೇಲೂರು’ 18 ಬೈಟು, ಬಿಡಿಸಿದ್ದು 21. ಲಿನಕ್ಸಿಗೆ ಇವು ಎರಡು ಊರು. ವಿಂಡೋಸಿನ ಎನ್‌ಟಿಎಫ್‌ಎಸ್ ಕೂಡ ಇವೆರಡನ್ನೂ ಬೇರೆ ಎಂದೇ ತಿಳಿಯುತ್ತದೆ. ಹಲ್ಮಿಡಿಯಲ್ಲಿ ಬಿಡಿಸಲು ಬರುವ ಚಿಹ್ನೆಯೇ ಇಲ್ಲ, ಹಾಗಾಗಿ ಬಚಾವಾಯಿತು.

ಸರಿ, ರೋಮನ್ ಲಿಪಿಗೆ ಹೋದರೆ? ಚುಕ್ಕಿಯಿಲ್ಲದೆ ಬರೆದರೆ ಲ, ಳ ಎರಡೂ ‘ಎಲ್’ ಆಗುತ್ತವೆ. ವಿದ್ವಾಂಸರಂತೆ ಕೆಳಗೆ ಚುಕ್ಕಿ ಇಟ್ಟರೆ ಆ ಚುಕ್ಕಿಯೂ ಹೀಗೆಯೇ ಬೇರೆಯಾಗುತ್ತದೆ. ಅಂದಮೇಲೆ ದೋಷ ಕನ್ನಡದ್ದಲ್ಲ.

ದೋಷ ನಮ್ಮದು. ಊರು, ಅರಸ, ಪಾಠದ ಆವೃತ್ತಿ ಎಲ್ಲವನ್ನೂ ಫೈಲಿನ ಹೆಸರಿನ ಮೇಲೇ ಹೇರಿದೆವು. ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ತಾಲ್ಲೂಕು ಮತ್ತು ಸಂಖ್ಯೆಯಿಂದ ಶಾಸನವನ್ನು ಗುರುತಿಸಿದರು, ತಾಳಗುಂದದ ಸ್ತಂಭಶಾಸನ 7ನೇ ಸಂಪುಟದ ಶಿಕಾರಿಪುರ 176. ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಬೇರೆ, ಆದ್ದರಿಂದ ಯಾವ ಆವೃತ್ತಿ ಅನ್ನುವುದೂ ಬೇಕು. ಫೈಲಿಗೆ ಅಂಥ ಗುರುತು ಸಾಕು. ಕನ್ನಡ ಹೆಸರು, ಪಾಠ, ತಿದ್ದಿದ ದಿನಾಂಕ ಜೊತೆಗಿನ ಪಟ್ಟಿಯಲ್ಲಿರಲಿ. ಹಳೆಯ ಸಂಗ್ರಹಗಳನ್ನು ಸೇರಿಸುವ ಮುಂಚೆ ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತನ್ನಿ.

ಗೆಳೆಯರು ದೊಡ್ಡ ಮನಸ್ಸಿನಿಂದ ತಿದ್ದುಪಡಿ ಹಾಕಿಸಿದರು. ಆದರೆ ಲೇಖನ ಓದಿದವರೆಲ್ಲ ತಿದ್ದುಪಡಿಯನ್ನೂ ಓದ್ತಾರಾ?