ಹುಲಿಮುಖದ ಪುಟ್ಟ ಫಿರಂಗಿ

ಆಟಿಕೆ ಸೈನಿಕರ ಯುದ್ಧಕ್ಕೆ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ನಿಯಮಗಳ ಪುಸ್ತಕವನ್ನೇ ಬರೆದರು. ಇಂದು ಈ ಆಟದ ಹವ್ಯಾಸಿಗಳ ಮೇಜಿನ ಮೇಲೆ 28 ಮಿಲಿಮೀಟರ್ ಎತ್ತರದ ಗೋಲಂದಾಜರು, ಪಕ್ಕದಲ್ಲಿ ಬೆರಳುದ್ದದ ಫಿರಂಗಿ. ಈ ಫಿರಂಗಿಗಳಲ್ಲೆಲ್ಲ ಸೊಗಸಾದದ್ದು ಟಿಪ್ಪು ಸುಲ್ತಾನನದೇ: ಕಂಚಿನ ನಳಿಗೆ, ತುದಿಯಲ್ಲಿ ಬಾಯ್ದೆರೆದ ಹುಲಿ.

ಅದಕ್ಕೆ ಬಣ್ಣ ಹಚ್ಚುವಾಗ ಮೊದಲು ಕಪ್ಪು ತಳಬಣ್ಣ, ಅದರ ಮೇಲೆ ಕಂಚಿನ ಬಣ್ಣ. ಆಮೇಲೆ ತೆಳುವಾದ ಕಂದುಬಣ್ಣ ಹರಿಸಿದರೆ ಅದು ಹುಲಿಯ ಕಣ್ಣಿನ ಕುಳಿಯಲ್ಲಿ, ಪಟ್ಟೆಗಳ ಗೀರಿನಲ್ಲಿ ನಿಂತು ನೆರಳಾಗುತ್ತದೆ. ಕೊನೆಗೆ ಬಣ್ಣವನ್ನು ಬಹುಪಾಲು ಒರೆಸಿದ ಒಣ ಕುಂಚದಿಂದ ಹಿತ್ತಾಳೆಯ ಹೊಳಪು ಸವರಬೇಕು. ಹಲ್ಲು, ಕಿವಿ, ಅಂಚುಗಳೆಲ್ಲ ಒಮ್ಮೆಗೇ ಎದ್ದು ಬರುತ್ತವೆ. ಇಷ್ಟು ಚಿಕ್ಕ ಲೋಹಕ್ಕೆ ಇಷ್ಟು ತೂಕ ಬರುವುದು ನಿಜಕ್ಕೂ ಬೆರಗು!

ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಸೀಮೆಗೆ ಈ ಫಿರಂಗಿ ಹೊರಗಿನದಲ್ಲ. ಹೈದರ್, ಟಿಪ್ಪುವಿನ ಆಳ್ವಿಕೆ ಕಂಡ ನೆಲವದು. ಮುಂದೆ ನಿಜಾಮನ ಪಾಲಾಗಿ, 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು.

ಮೇಜಿನ ಮೇಲೆ ಪಡೆ ಜೋಡಿಸಲು ಮಾದರಿ ಬೇಕಾದವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಬೇಕು. ಅಲ್ಲಿನ ಪಡುಗೋಡೆಯಲ್ಲಿ ಹೈದರ್, ಟಿಪ್ಪು ಕಂಪನಿಯನ್ನು ಸೋಲಿಸಿದ 1780ರ ಪೊಲ್ಲಿಲೂರು ಕದನದ ಚಿತ್ರವಿದೆ: ಪಲ್ಲಕ್ಕಿಯಲ್ಲಿ ಕಂಪನಿಯ ಕರ್ನಲ್ ಬೇಯ್ಲಿ, ಸುತ್ತ ಚೌಕವಾಗಿ ನಿಂತ ಪಡೆ, ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಚಿತ್ರಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರುಬಣ್ಣ ಬಿದ್ದಿದೆ. ಬಣ್ಣಕ್ಕಿಂತ ಪಡೆಯ ಜೋಡಣೆಯನ್ನು ನಂಬಿ.