‘ಗಗನಕುಸುಮ’ ಶಬ್ದದ ಅರ್ಥ ಮತ್ತು ಪ್ರಯೋಗ

ಕೈಗೂಡದ ಗುರಿಯನ್ನು ಸೂಚಿಸುವುದಕ್ಕೆ ಕನ್ನಡ ಗದ್ಯದಲ್ಲಿ ‘ಗಗನಕುಸುಮ’ವೆಂಬ ಶಬ್ದವು ಹೇರಳವಾಗಿ ಬಳಕೆಯಾಗುತ್ತಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಬಿಸಿಲ ಸೀಮೆಯನ್ನು ಕುರಿತು ಬರೆಯುವಾಗ, ನೀರಾವರಿಯೂ ಉಚ್ಚಶಿಕ್ಷಣವೂ ಅಲ್ಲಿಯ ಜನರಿಗೆ ಗಗನಕುಸುಮವೆನ್ನುವುದು ಲೇಖನಿಗೆ ಸುಲಭವಾಗಿ ಒದಗುವ ಮಾತು. ಈ ಪ್ರಯೋಗವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ತರ್ಕಗ್ರಂಥಗಳಲ್ಲಿ ಗಗನಕುಸುಮವು ವಂಧ್ಯಾಪುತ್ರ, ಶಶವಿಷಾಣ, ಕೂರ್ಮರೋಮಗಳ ಪಂಕ್ತಿಗೆ ಸೇರಿದುದು. ಇವು ದೂರದಲ್ಲಿರುವ ವಸ್ತುಗಳಲ್ಲ. ಮೂರು ಕಾಲಗಳಲ್ಲಿಯೂ ಇಲ್ಲದವು. ಗಗನವುಂಟು, ಕುಸುಮವುಂಟು, ಒಂದರಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಆದುದರಿಂದ ಈ ಶಬ್ದಕ್ಕೆ ‘ಬಹಳ ಎತ್ತರದ ಹೂವು’ ಎಂದು ಅರ್ಥಮಾಡುವುದು ತಪ್ಪು. ಎಷ್ಟು ಉದ್ದದ ಏಣಿಯನ್ನಿಟ್ಟರೂ ಕೊಯ್ಯುವುದಕ್ಕೆ ಅಲ್ಲಿ ಹೂವೇ ಇಲ್ಲ.

‘ಬಿಸಿಲ್ಗುದುರೆ’ಯ ನೆಲೆ ಬೇರೆ. ಬಿಸಿಲ್ ಎಂಬುದರ ಮುಂದೆ ಕುದುರೆಯ ಕಕಾರಕ್ಕೆ ಗಕಾರವು ಆದೇಶವಾದ ಅಚ್ಚಗನ್ನಡ ಸಮಾಸವಿದು. ಕಾದ ನೆಲದ ಮೇಲಣ ಗಾಳಿಯಲ್ಲಿ ಬೆಳಕು ಬಾಗಿ, ಆಕಾಶದ ಬಿಂಬವೇ ನೀರಾಗಿ ತೋರುವುದು. ಇಲ್ಲಿ ತೋರಿಕೆಯುಂಟು, ನೀರಿಲ್ಲ. ಗಗನಕುಸುಮವನ್ನು ಯಾರೂ ಬೆನ್ನಟ್ಟರು. ಬಿಸಿಲ್ಗುದುರೆಯಾದರೋ ಬಾಯಾರಿದವನನ್ನು ಓಡಿಸುವುದು. ಕೊಟ್ಟ ಮಾತು ಬರಿಯ ಮಾತಾಗಿ ಉಳಿದೆಡೆಯಲ್ಲಿ ಈ ಶಬ್ದವು ಒಪ್ಪುವುದು.

ಅತಿಶಯೋಕ್ತಿಯು ಅಲಂಕಾರವಷ್ಟೆ, ಅದಕ್ಕೇಕೆ ತರ್ಕದ ಕಟ್ಟು ಎಂದು ಕೇಳಬಹುದು. ಕಾವ್ಯದಲ್ಲಿ ಈ ಮಾತು ಸಲ್ಲುವುದು. ಆದರೆ ವಸ್ತುಸ್ಥಿತಿಯನ್ನು ನಿರೂಪಿಸುವ ಗದ್ಯದಲ್ಲಿ ಅಲಂಕಾರವೇ ತೀರ್ಪಾಗಿ ಪರಿಣಮಿಸುವುದು. ಸ್ವಭಾವದಿಂದಲೇ ಇಲ್ಲದುದನ್ನು ಕೊಡಲಿಲ್ಲವೆಂದು ಯಾರನ್ನೂ ದೂರುವಂತಿಲ್ಲ. ಕೊಡತಕ್ಕವರ ಹೊಣೆಯು ಹೀಗೆ ಒಂದು ಶಬ್ದದಲ್ಲಿ ಕರಗಿಹೋಗುವುದು.

ಆ ಸೀಮೆಯ ಪರಿಸ್ಥಿತಿಯೂ ಈ ಪ್ರಯೋಗವನ್ನು ಅಲ್ಲಗಳೆಯುತ್ತದೆ. ಆಳಂದ ತಾಲ್ಲೂಕಿನ ಕೋರಳ್ಳಿಯ ಬಳಿ ಅಮರ್ಜಾ ನದಿಗೆ ಜಲಾಶಯವಿದೆ. ಆ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವುದು. ಅದೇ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಕಟ್ಟಲಾಗಿದೆ. ಜೇವರ್ಗಿಯ ನೆಲವನ್ನೂ ಆ ನದಿಯೇ ಮುಟ್ಟಿ ಹರಿಯುವುದು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ನೀರು ಎಲ್ಲ ಹೊಲಗಳಿಗೆ ಹರಿಯದಿರಬಹುದು, ವಿದ್ಯೆ ಎಲ್ಲ ಮನೆಗಳನ್ನು ಮುಟ್ಟದಿರಬಹುದು. ಆದರೂ ಒಬ್ಬನಿಗೆ ದೊರೆತುದು ನೆರೆಯವನ ಪಾಲಿಗೆ ಗಗನಕುಸುಮವಾಗಲಾರದು.

ಇಂಥಲ್ಲಿ ‘ದುರ್ಲಭ’ವೆಂಬುದೇ ತಕ್ಕ ಶಬ್ದ. ಅದು ಕಷ್ಟವನ್ನು ಒಪ್ಪಿಕೊಂಡು ಪ್ರಯತ್ನಕ್ಕೂ ಎಡೆಯನ್ನಿಡುವುದು. ಆ ಮೂರು ತಾಲ್ಲೂಕುಗಳ ಮಕ್ಕಳಿಗೆ ಪಾಠಹೇಳುವ ಉಪಾಧ್ಯಾಯರು ಈ ಮೂರು ಶಬ್ದಗಳ ಭೇದವನ್ನು ವಿಶದಪಡಿಸುವುದು ಉಚಿತವಾಗಿದೆ.