ತಳಿರಕ್ಷಣೆಯೂ ಜೀವದಯೆಯೂ

ಉತ್ತರ ಅಮೆರಿಕದ ‘ರಡ್ಡಿ’ ಎಂಬ ಕಂದುಬಣ್ಣದ ಬಾತುಗಳನ್ನು 1948ರಲ್ಲಿ ಇಂಗ್ಲೆಂಡಿನ ಸ್ಲಿಂಬ್ರಿಜ್ ಪಕ್ಷಿಸಂಗ್ರಹಕ್ಕೆ ತರಲಾಯಿತು. ಅಲ್ಲಿಂದ ತಪ್ಪಿಸಿಕೊಂಡವುಗಳ ಸಂತತಿ ಬ್ರಿಟನ್ನಿನ ಕೆರೆಗಳಲ್ಲಿ ಹಬ್ಬಿ, ಕಾಲಕ್ರಮದಲ್ಲಿ ಸ್ಪೇನನ್ನು ಮುಟ್ಟಿತು. 1977ರಲ್ಲಿ ಅಲ್ಲಿ ಕೇವಲ 22ಕ್ಕೆ ಇಳಿದು, ಬಳಿಕ ರಕ್ಷಣೆಯಿಂದ ಚೇತರಿಸಿಕೊಳ್ಳುತ್ತಿದ್ದ ಬಿಳಿತಲೆ ಬಾತಿನೊಡನೆ ಅದು ಬೆರೆಯಿತು. ಹುಟ್ಟಿದ ಮಿಶ್ರತಳಿಗೂ ಸಂತಾನಶಕ್ತಿ ಇದ್ದುದರಿಂದ ಮೂಲತಳಿಯೇ ಕರಗಿಹೋಗುವ ಭಯ ತಲೆದೋರಿತು. ಸ್ಪೇನಿನಲ್ಲಿ ಮಿಶ್ರತಳಿಗಳನ್ನೂ, 2005ರಿಂದ ಬ್ರಿಟನ್ನಿನಾದ್ಯಂತ ರಡ್ಡಿ ಬಾತುಗಳನ್ನೂ ಗುಂಡಿಕ್ಕಿ ಕೊಲ್ಲುವ ಕಾರ್ಯ ನಡೆಯಿತು.

ಇದರ ಸಮರ್ಥಕರ ವಾದದಲ್ಲಿ ಸತ್ಯಾಂಶವಿದೆ. ಸುಮ್ಮನಿದ್ದರೆ ಒಂದು ಜೀವಪ್ರಭೇದವೇ ಅಳಿಯಬಹುದಿತ್ತು. ಆದರೆ ಹೊರಗಿನ ಹಕ್ಕಿಯನ್ನೇ ಅಪರಾಧಿಯೆಂದು ಬಗೆಯುವಲ್ಲಿ ಆ ವಾದ ದಾರಿ ತಪ್ಪುತ್ತದೆ. ಅದನ್ನು ಸಾಗರ ದಾಟಿಸಿದುದು ಮನುಷ್ಯನ ಸಂಗ್ರಹದ ಆಸೆ. ತಪ್ಪು ಒಬ್ಬರದು, ಪ್ರಾಣದಂಡ ಮತ್ತೊಬ್ಬರಿಗೆ.

ಪಂಜಾಬಿನ ಛತ್‌ಬೀರ್ ಮೃಗಾಲಯ ಬೇರೆ ದಾರಿ ಹಿಡಿಯಿತು. ಏಷ್ಯದ ಸಿಂಹಗಳೊಡನೆ ಆಫ್ರಿಕದ ಸಿಂಹಗಳು ಬೆರೆತುದು ತಿಳಿದ ಮೇಲೆ ಆ ಮಿಶ್ರತಳಿಯ ಸಂತಾನವೃದ್ಧಿಯನ್ನಷ್ಟೇ ತಡೆದು, ಆಯುಷ್ಯವಿರುವವರೆಗೆ ಬಾಳಲು ಬಿಟ್ಟಿತು. ಅವು ಆವರಣದೊಳಗೆ ಇದ್ದುದರಿಂದ ಇದು ಸಾಧ್ಯವಾಯಿತು. ಬಯಲಿಗೆ ಹಾರಿದ ಸಾವಿರಾರು ಹಕ್ಕಿಗಳಿಗೆ ಈ ಸೌಮ್ಯಮಾರ್ಗ ಸುಲಭವಲ್ಲ.

ಆದುದರಿಂದ ಅಹಿಂಸೆಯ ವಿಚಾರ ಪಂಜರದ ಬಾಗಿಲಲ್ಲಿಯೇ ಆರಂಭವಾಗಬೇಕು. ಬಂದೂಕು ಎತ್ತುವ ವೇಳೆಗೆ ತಡವಾಗಿರುತ್ತದೆ. ಪೇಟೆಯಲ್ಲಿ ಕೊಂಡ ಹಕ್ಕಿಗಳನ್ನು ಅಭಯದಾನವೆಂದು ಹಾರಿಬಿಡುವ ಕುಟುಂಬಗಳೂ, ಕೊಳಗಳಿಗೆ ಮೀನು ಬಿಡಿಸುವ ಬಸದಿಯ ಟ್ರಸ್ಟುಗಳೂ ಅವು ಯಾವ ನಾಡಿನ ಜೀವಿಗಳೆಂದು ಮೊದಲು ವಿಚಾರಿಸುವುದು ಲೇಸು. ವಿವೇಕವಿಲ್ಲದ ದಯೆ ಇನ್ನೊಂದು ಜೀವಕುಲಕ್ಕೆ ಹಿಂಸೆಯಾದೀತು.